ಎರಡನೇ ನುಡಿ

ಜೂನ್ 1, ರವಿವಾರ. ಖಾನಾಪುರ

ಗೌರೀಶ ನನಗೆ ಗಿಟಾರ್ ಕೊಡಿಸಿದ! ನಾನು ಕೇಳಿರಲಿಲ್ಲ, ಹುಟ್ಟುಹಬ್ಬವೂ ಅಲ್ಲ, ಸುಮ್ಮನೆ ಕೊಡಿಸಿದ! ಕುಕ್ಕರಿನ ರಬ್ಬರು ತರಲೆಂದು ಬೆಳಗಾವಿಗೆ ಹೋದವರು ನಾವು. ಪೇಟೆಯಲ್ಲಿ ವಾದ್ಯದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, "ಒಳಗ ಹೋಗಿ ಯಾವುದ ಬೇಕೊ ಆರಿಸು" ಅಂದ. ಕಾಲೇಜಿನಲ್ಲಿ ಗೆಳತಿಯ ಗಿಟಾರ್ ಹಿಡಿದು ಊಟ ಮರೆಯುತ್ತಿದ್ದೆ ಎಂದು, ಅವನು ಹೆಣ್ಣು ನೋಡಲು ಬಂದ ದಿನ ಒಮ್ಮೆ, ಒಂದೇ ಒಮ್ಮೆ ಹೇಳಿದ್ದೆ. ನೆನಪಿಟ್ಟಿದ್ದಾನೆ! ಇಂಥ ಗಂಡ ಇನ್ನೊಬ್ಬನಿದ್ದಾನೆಯೇ? ಇಲ್ಲ, ಸೀರಿಯಸ್ಲಿ ಇಲ್ಲ. ಮದುವೆಯಾಗಿ ಇವತ್ತಿಗೆ ಹದಿನೆಂಟು ದಿನ. ಮನೆಯಲ್ಲಿ ಎಲ್ಲರ ಮುಂದೆ 'ರೀ', 'ಅವರು'. ಇಲ್ಲಿ ಮಾತ್ರ ಗೌರೀಶ, ಗೌರೀಶ, ಗೌರೀಶ.

ಅತ್ತೆ ಭೀಮಕ್ಕ ಗಿಟಾರಿಗೆ ಒಂದು ಸುತ್ತು ಬಂದರು.

"ಇದೇನ ಇದು? ತಂಬೂರಿಗಿ ಸೊಂಟ ಬಂದಂಗ ಐತಿ."

"ಗಿಟಾರ್ ರೀ, ಅತ್ತಿ."

"ಮತ್ತ ಕುಕ್ಕರಿನ ರಬ್ಬರ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಚಲೋ ಆತು. ಇದರ ತಂತಿ ಸುತ್ತಿ ಬ್ಯಾಳಿ ಕುದಸೂಣು."

ಗಿಟಾರಿನ ಚೀಲದ ಜೇಬಿನಲ್ಲಿ ಒಂದು ಕರಿ ಕ್ಲಿಪ್ಪೂ ಇತ್ತು, ಹಲ್ಲು ಕಚ್ಚಿದಂತೆ ಗಟ್ಟಿ. ಯಾತಕ್ಕೋ ಗೊತ್ತಿಲ್ಲ. ಸದ್ಯ ಚುರುಮುರಿ ಚೀಲದ ಬಾಯಿಗೆ ಹಾಕಿದ್ದೇನೆ. ಚುರುಮುರಿ ಮೆತ್ತಗಾಗುವುದಿಲ್ಲ. ಸೂಪರ್!

ಜೂನ್ 5, ಗುರುವಾರ

ನಿನ್ನೆ ಮೊದಲ ಪಾಠ. ಬೆಳಗಾವಿಯಲ್ಲಿ ಆಶಿಶ್ ಸರ್ ಹತ್ತಿರ, ಬೇಕರಿಯೊಂದರ ಮೇಲಿನ ಕೋಣೆ. ಕಲಿಯುವಷ್ಟು ಹೊತ್ತೂ ಬಿಸಿ ಬ್ರೆಡ್ಡಿನ ವಾಸನೆ. ಮನೆಮಾತು ಮರಾಠಿ ಅವರದು, ಆದರೆ ಕನ್ನಡ ನನಗಿಂತ ಚೆನ್ನಾಗಿ ಬರೆಯುತ್ತಾರೆ. ಜಿ, ಸಿ, ಡಿ ಎಂದು ಮೂರು ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ ಒತ್ತುವ ಬೆರಳ ಹಿಡಿತ, ತೋರಿಸಿದರು. ಎಡಗೈಯ ಬೆರಳ ತುದಿಗಳು ಸುಟ್ಟ ಬದನೆಕಾಯಿಯಂತಾಗಿವೆ. ನಾನು ಹಾಡು ನುಡಿಸುವುದಷ್ಟೇ ಅಲ್ಲ, ಸ್ವಂತ ಹಾಡು ಕಟ್ಟಬೇಕು ಅಂದಾಗ ಅವರು ನಗಲಿಲ್ಲ.

"ಅಗ ಮೇಘಾ, ಯಾವ ಭಾಷಾದಾಗ ಹಾಡು ಮಾಡಾಕಿ?"

"ಕನ್ನಡದಾಗ, ಸರ್."

"ಹಂಗಾದ್ರ ದಿನಾ ಒಂದ ಪುಟ ಕನ್ನಡದಾಗ ಏನರೆ ಬರಿ. ಸಾಲಿ ಇಂಗ್ಲಿಷ್, ಮೆಸೇಜ್ ಇಂಗ್ಲಿಷ್. ಪದ ಎಲ್ಲಿಂದ ಬರಬೇಕು?"

ಹೇಗೂ ಈ ನೋಟ್‌ಬುಕ್ ಶುರು ಮಾಡಿದ್ದೇನೆ, ಇನ್ನು ಬಿಡುವುದಿಲ್ಲ. ಒತ್ತಕ್ಷರ ತಪ್ಪಿದರೆ ಗೌರೀಶ ತಿದ್ದುತ್ತಾನಂತೆ. ಆದರೆ ಅವನಿಗೆ ಇದನ್ನು ತೋರಿಸುವವರು ಯಾರು!

ಜೂನ್ 12, ಗುರುವಾರ

ಮೊದಲ ಹಾಡು ಮುಗಿಯಿತು!! ಹೆಸರು 'ಬೆಳದಿಂಗಳ ಮಂದಿರ'. ಮಲಪ್ರಭೆಯ ಮೇಲೆ ಚಂದ್ರ ಮೂಡುತ್ತಾನೆ, ಹೃದಯದಲ್ಲಿ ಮಂದಿರ ಕಟ್ಟುತ್ತೇನೆ, ನಕ್ಷತ್ರಗಳೆಲ್ಲ ಗಂಟೆ ಬಾರಿಸುತ್ತವೆ. ಗೌರೀಶ ಮೂರು ಸಲ ಕೇಳಿದ, ಮೂರನೇ ಸಲ ಆಕಳಿಸಿದ, ಆದರೆ ಸರ್ವೇ ಕೆಲಸಕ್ಕೆ ಇಡೀ ದಿನ ಹೊಲ ಅಳೆದು ಬಂದಿದ್ದ, ಪಾಪ.

ತವರಿಗೆ, ಶಹಾಪುರಕ್ಕೆ ಫೋನ್ ಹಚ್ಚಿ ಅಪ್ಪನಿಗೂ ಹಾಡಿ ತೋರಿಸಿದೆ. ನನ್ನ ಅಪ್ಪ ತಮ್ಮಣ್ಣ, ಎರಡು ಪವರ್‌ಲೂಮಿನ ನೇಕಾರ, ಓಣಿಯ ಭಜನೆ ಮೇಳದ ಮುಂದಾಳು. ಸೋಮವಾರ ರಾತ್ರಿ ಅವನು ಹಾರ್ಮೋನಿಯಂ ಪೇಟಿ ಹಿಡಿದು ಮೊದಲ ಸಾಲು ಎತ್ತಿದರೆ ಗೋವಾವೇಸ ಸರ್ಕಲ್ಲಿನವರೆಗೆ ಕೇಳುತ್ತದೆ ಎಂದು ಜನ ಹೇಳುತ್ತಾರೆ. ಇವತ್ತು ಮಾತ್ರ ಗೊಗ್ಗರು ಗೊಗ್ಗರು. ಮದುವೆಯಲ್ಲಿ ಮಂದಿಯ ಮೇಲೆ ಕೂಗಾಡಿ ಬಿದ್ದ ದನಿ ಇನ್ನೂ ಎದ್ದಿಲ್ಲ.

"ಚಲೋ ಐತವ್ವಾ. ಆದ್ರ ಇದರಾಗ ಯಾರೂ ಇಲ್ಲಲ್ಲ?"

"ಚಂದ್ರ ಅದಾನ, ನಕ್ಷತ್ರ ಅದಾವು!"

"ಅವರು ಎಲ್ಲಾರ ಪದದಾಗೂ ಇರತಾರ. ನಿನ್ನ ಗಂಡನ ಮನಿ ಹೊಸ್ತಿಲದಾಗ ಒಡಪು ಹೇಳಿದೆಲ್ಲ, ಅದು ಪದ."

ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ, ಒಡಪು ಹಾಕಿ ಗಂಡನ ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ ಎಂದು ನಿಂತಿದ್ದರು. ಇಂಗ್ಲಿಷ್ ಶಾಲೆಯ ನನಗೆ ಏನು ಬರಬೇಕು? ಆಗ ಹಿಂದಿನಿಂದ ಅಪ್ಪ ಕಿವಿಯಲ್ಲಿ ಕಟ್ಟಿಕೊಟ್ಟಿದ್ದ: 'ಮಗ್ಗದ ಮ್ಯಾಲ ನೇಯ್ದಾರ ನಮ್ಮಪ್ಪಾರ ಸೀರಿ, ಗೌರೀಶರ ಹೆಸರ ಹೇಳೇನಿ, ಬಾಗಿಲಾ ಬಿಡ್ರಿ.'

"ಅದರಾಗ ಮಗ್ಗ ಐತಿ, ಸೀರಿ ಐತಿ, ಬಾಗಿಲಾ ಐತಿ" ಅಂದ ಅಪ್ಪ.

"ನಿನ್ನ ದನ್ಯಾಗ ಮಾತ್ರ ಕಪ್ಪಿ ಐತಿ ನೋಡಪಾ!" ಅಂದೆ ನಾನು. ನಕ್ಕ. ನಗು ಕೆಮ್ಮಾಯಿತು. ಅವ್ವ ಫೋನ್ ಇಸಿದುಕೊಂಡು, ಆಮೇಲೆ ಮಾತಾಡೋಣ ಅಂದಳು.

ಜೂನ್ 24, ಮಂಗಳವಾರ. ಶಹಾಪುರ, ಬೆಳಗಾವಿ

ಆಷಾಢಕ್ಕೆ ತವರಿಗೆ ಬಂದೆ! ಹೊಸ ಸೊಸೆ ಮೊದಲ ಆಷಾಢದಲ್ಲಿ ಅತ್ತೆಯ ಹೊಸ್ತಿಲೊಳಗೆ ಇರಬಾರದು. ಯಾಕೆ ಎಂದು ಕೇಳಿದೆ. "ಇಬ್ಬರಿಗೂ ಒಂದ ತಿಂಗಳ ಸೂಟಿ ಬೇಡೇನ?" ಅಂದರು ಅತ್ತೆ.

ಒಂದು ತಿಂಗಳು ಗೌರೀಶನಿಲ್ಲದೆ ಹೇಗಿರಲಿ? ಬಸ್ಸಿನಲ್ಲಿ ಹೆಂಗಸರು ತುಂಬಿ, ಗಿಟಾರ್ ತಲೆಯ ಮೇಲೆ ಹೊತ್ತು ನಿಂತೆ. ಒಬ್ಬ ಅಜ್ಜಿ ಚೀಲ ಮುಟ್ಟಿ, "ಒಳಗ ಯಾರ ಕೂಸು?" ಅಂದಳು! ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಗೌರೀಶ ಕಿಟಕಿ ಹಿಡಿದು, "ಅಪ್ಪಾರ ಜೋಡಿ ಬಾಳ ಹೊತ್ತ ಕುಂದರು. ಫೋನ್ಯಾಗ ನನ್ನ ಜೋಡಿ ಕಡಿಮಿ ಮಾತಾಡಿದ್ರೂ ನಡೀತೈತಿ" ಅಂದ. ಮಾವನ ಮೇಲೆ ಎಷ್ಟು ಪ್ರೀತಿ ನೋಡು! ಕರಗಿಹೋದೆ.

ಜೂನ್ 27, ಶುಕ್ರವಾರ

ಅಪ್ಪ ತೆಳ್ಳಗಾಗಿ ಹೀರೋನಂತೆ ಕಾಣುತ್ತಾನೆ. ಜೂನ್ ತಿಂಗಳ ಮಳೆಗೆ ಕೊರಳಿಗೆ ಮಫ್ಲರ್. ಅವ್ವ ಅವನಿಗಷ್ಟೇ ಬೇರೆ ತೆಳು ಗಂಜಿ ಮಾಡುತ್ತಾಳೆ, ಏನು ಡಯಟ್ಟೋ. ಒಂದೇ ಮಗ್ಗ ನಡೆಯುತ್ತಿದೆ, ಅದನ್ನೂ ಪಕ್ಕದ ಓಣಿಯ ಆಳು ಬಂದು ನಡೆಸುತ್ತಾನೆ. ಮಗಳ ಮದುವೆಯ ಆಯಾಸ ಎಂದು ಅವ್ವ ಹೇಳಿದಳು.

ನಾನು ನುಡಿಸುತ್ತೇನೆ, ಅಪ್ಪ ಪೇಟಿಯ ಮುಂದೆ ಕೂತು ಕೇಳುತ್ತಾನೆ. ಪೇಟಿ ತೆರೆಯುವುದಿಲ್ಲ. ಅದರ ಮೇಲೆ ಬೆರಳಿನಿಂದ ತಾಳ ಹಾಕುತ್ತಾನೆ.

ಜೂನ್ 30, ಸೋಮವಾರ

ಇವತ್ತು ಭಜನೆಯಲ್ಲಿ ಅಪ್ಪ ಹಾಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ. ಮೊದಲ ಸಾಲನ್ನು ಧಮಡಿ ಬಾರಿಸುವ ಭರಮಪ್ಪ ಕಾಕಾ ಎತ್ತಿದರು, ಅದು ಎಲ್ಲೋ ಬಿದ್ದುಹೋಯಿತು. ಮುಗಿದ ಮೇಲೆ ಪ್ರಸಾದ ಕೊಡುತ್ತ ನಾನೇ ಚೇಷ್ಟೆ ಮಾಡಿದೆ: "ಕಾಕಾ, ನಮ್ಮಪ್ಪನ ಜಾಗಾ ಹೊಡಕೊಂಡ್ರೆಲ್ಲ!"

ಅವರ ಕಣ್ಣು ತುಂಬಿತು. "ಯವ್ವಾ, ಮುಂದಿನ ಮಂಗಳವಾರ ಕೊಳ್ಳಾಗಿಂದ ದನಿ ಪೆಟಗೀನ ತಗೀತಾರಂದ ಮ್ಯಾಲ ನಾವರೆ ಏನ ಮಾಡೂಣು? ಯಾರರೆ ಎತ್ತಬೇಕಲ್ಲ."

ನನಗೆ ಗೊತ್ತಿದೆ ಎಂದುಕೊಂಡಿದ್ದರು.

ಅಪ್ಪನ ಗಂಟಲಲ್ಲಿ ಕ್ಯಾನ್ಸರ್.

ಜುಲೈ 1, ಮಂಗಳವಾರ

ಎಲ್ಲರಿಗೂ ಗೊತ್ತಿತ್ತು. ಅವ್ವನಿಗೆ, ಓಣಿಗೆ, ಆಳಿಗೆ. ಖಾನಾಪುರದಲ್ಲಿ ಅವರಿಗೂ. ಮದುವೆಯಾದ ಮೂರನೇ ದಿನ ಅಪ್ಪ ಅಳಿಯನನ್ನು ಹಿತ್ತಿಲಿಗೆ ಕರೆದು ಹೇಳಿದ್ದನಂತೆ. ಅಂದಿನಿಂದ ನನ್ನ ಎದುರಿಗೆ ಕೂತು ಉಂಡಿದ್ದಾರೆ, ನಕ್ಕಿದ್ದಾರೆ, ಚಂದ್ರನ ಹಾಡು ಕೇಳಿದ್ದಾರೆ.

ಅವರ ಫೋನ್ ಆರು ಸಲ ಬಂತು. ಎತ್ತಲಿಲ್ಲ.

ಆ ದನಿಗೆ ಕಪ್ಪೆ ಎಂದಿದ್ದೆ ನಾನು.

ಜುಲೈ 3, ಗುರುವಾರ

ಅಪ್ಪ ಮಗ್ಗದ ಖೋಲಿಯಲ್ಲಿ ಕೂರಿಸಿಕೊಂಡು ಮಾತಾಡಿದ. ಜೋರಾಗಿ ಮಾತಾಡಲು ಆಗದ ಕಾರಣ ಮಗ್ಗ ನಿಲ್ಲಿಸಿದ್ದ. ಆ ಖೋಲಿ ಸುಮ್ಮನಿದ್ದುದನ್ನು ನಾನು ನೋಡಿಯೇ ಇರಲಿಲ್ಲ.

ಮೇ ತಿಂಗಳಲ್ಲೇ ಆಪರೇಷನ್ ಆಗಬೇಕಿತ್ತಂತೆ. ಅಪ್ಪನೇ ಮುಂದೂಡಿದ. ಡಾಕ್ಟರು ಬೈದರಂತೆ.

"ಯಾಕಪಾ?"

"ಆಷಾಢಕ್ಕ ನೀ ಬರತಿದ್ದಿ. ಬರೂ ಮುಂದ ಒಂದ ಮಾತಿನಾಗ ಬಾರವ್ವಾ ಅಂತ ಕರೀಬೇಕ ಅನಸ್ತು. ಮೊದಲನೇ ಸಲ ತವರಿಗಿ ಬರಾಕತ್ತಿದ್ದಿ, ಪಾಟಿಮ್ಯಾಲ ಬರದ ತೋರಿಸಲೇನು?"

ನಾನು ಎಷ್ಟು ಅತ್ತೆನೋ. ಅತ್ತು ಮುಗಿದ ಮೇಲೆ ಬುದ್ಧಿ ಬಂತು. ಅಪ್ಪನ ದನಿಯನ್ನು ಇಟ್ಟುಕೊಳ್ಳಬೇಕು. ಹಳೆಯ ರೆಕಾರ್ಡಿಂಗ್ ಒಂದೂ ಇಲ್ಲ. ಭಜನೆಯಲ್ಲಿ ಫೋನ್ ಎತ್ತಿ ಹಿಡಿಯುವವರನ್ನು ಅಪ್ಪ ಹೊರಗೆ ಕಳಿಸುತ್ತಿದ್ದ. ಅವನಿಗಾಗಿ ನಾನೊಂದು ಹಾಡು ಕಟ್ಟುತ್ತೇನೆ, ಅವನು ಹಾಡುತ್ತಾನೆ, ನಾನು ನುಡಿಸುತ್ತೇನೆ. ಮಂಗಳವಾರದೊಳಗೆ. ಮೊದಲು ಬೇಡವೆಂದ. ಆಮೇಲೆ, "ಸಂಜಿ ಮುಂದ ಒಂದ ಹತ್ತ ನಿಮಿಷ ದನಿ ಏಳತೈತಿ. ರವಿವಾರ ನೋಡೂಣು" ಅಂದ.

ಜುಲೈ 5, ಶನಿವಾರ

ಮೂರು ನುಡಿ, ನಡುನಡುವೆ ಪಲ್ಲವಿ, ಕೊನೆಗೆ ಮೇಲೇರುವ ಒಂದು ಭಾಗ. ಈ ಸಲ ಚಂದ್ರನಿಲ್ಲ. ಮಗ್ಗವಿದೆ, ಅಪ್ಪನ ಸೈಕಲ್ಲಿದೆ, ಶಾಲೆಯ ನನ್ನ ಟೈ ಇದೆ. ನಾನು ಬರೆದುದರಲ್ಲೆಲ್ಲ ಇದೇ ಒಳ್ಳೆಯದು, ಖಂಡಿತ. ದಿನವಿಡೀ ಅಭ್ಯಾಸ ಮಾಡಿದೆ. ಸಿ ಕಾರ್ಡ್ ಇನ್ನೂ ಒಮ್ಮೊಮ್ಮೆ ತಪ್ಪುತ್ತದೆ.

ಅವ್ವ ರೊಟ್ಟಿ ತಟ್ಟುತ್ತ ಮೆಲ್ಲಗೆ ಕೇಳಿದಳು: "ನಿಂದ ಮುಗದ ಮ್ಯಾಲ ನನಗೂ ಒಂದ ಪದ ಹೇಳಸತಿಯೇನ ಅವರ ಕಡಿಂದ? ಸಣ್ಣದ. ಎರಡ ಸಾಲಿಂದು."

"ಯಾವ ಪದ ಅವ್ವ?"

"ಐತಿ ಒಂದು." ನಾಚಿ ಮುಖ ತಿರುಗಿಸಿದಳು.

ನನ್ನದಾದ ಕೂಡಲೇ ನಿನ್ನದು ಎಂದು ಹೇಳಿದೆ.

ಜುಲೈ 6, ರವಿವಾರ

ಇದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಬರೆದರೂ ಬರುವುದಿಲ್ಲ.

ಸಂಜೆ ಐದೂವರೆಗೆ ಕೂತೆವು. ಅಪ್ಪ ಪೇಟಿ ತೆರೆದು, "ಎಷ್ಟರ ಪಟ್ಟಿ?" ಎಂದು ಕೇಳಿದ. ಯಾವ ಸ್ವರದಿಂದ ಹಾಡು ಶುರು ಎಂದು ಅರ್ಥ. "ಜಿ" ಅಂದೆ. ನನ್ನ ತಂತಿಯ ಸದ್ದಿಗೆ ಪೇಟಿಯ ಮನೆಗಳನ್ನು ಒಂದೊಂದಾಗಿ ಒತ್ತಿ ಹುಡುಕಿದ.

"ಇದು ಬಿಳಿ ಐದು. ನನ್ನ ದನಿ ಕರಿ ಎರಡಕ್ಕ ಕುಂದರತೈತಿ. ಅಲ್ಲಿಗಿ ಇಳಸಾಕ ಆಗೂದಿಲ್ಲೇನ?"

ಎರಡನೇ ಕರಿ ಮನೆ. ಅದನ್ನು ಗಿಟಾರಿನಲ್ಲಿ ಎಲ್ಲಿ ಹುಡುಕಲಿ? ನನಗೆ ಬರುವುದು ಮೂರೇ ಕಾರ್ಡ್. "ನನಗ ಬರೂದಿಲ್ಲಪಾ" ಅಂದೆ.

"ಆತ ಬಿಡು. ನಾನ ಏರತೇನಿ."

ಏರಿದ. ಕೊರಳ ನರ ಉಬ್ಬುವುದು ಕಾಣುತ್ತಿತ್ತು. ಮೊದಲ ನುಡಿ ಮುಗಿಯುವಷ್ಟರಲ್ಲಿ ನನ್ನ ಬೆರಳು ತಪ್ಪಿತು. ಮತ್ತೆ ಶುರು ಮಾಡಿದೆವು. ಮತ್ತೆ ತಪ್ಪಿತು. ಮೂರನೇ ಸಲ ಅವನು ಕೆಮ್ಮಿದ, ನೀರು ಕುಡಿದ, "ಹೂಂ, ಹಚ್ಚು" ಅಂದ. ನಾಲ್ಕು. ಐದನೇ ಸಲ ಆ ಮೇಲೇರುವ ಭಾಗಕ್ಕೆ ಬಂದೆವು. ಅಪ್ಪ ಬಾಯಿ ತೆರೆದ. ಉಸಿರಷ್ಟೇ ಬಂತು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಕೈ ತೊಳೆದು, ಸೆರಗು ಸರಿ ಮಾಡಿಕೊಂಡು, ತನ್ನ ಪಾಳಿಗೆ ಕಾಯುತ್ತ. ಅಪ್ಪ ಅವಳ ಕಡೆ ತಿರುಗಿ ಇನ್ನೊಮ್ಮೆ ಬಾಯಿ ತೆರೆದ. ಏನೂ ಇಲ್ಲ. ಮತ್ತೊಮ್ಮೆ.

"ಇರಲಿ ಬಿಡ್ರಿ. ನೀರ ಕುಡೀರಿ" ಅಂದಳು ಅವ್ವ.

ರೆಕಾರ್ಡಿಂಗ್ ಕೇಳಿದೆ. ಹತ್ತೊಂಬತ್ತು ನಿಮಿಷ. ಅದರಲ್ಲಿ ಹೆಚ್ಚು ಕೇಳುವುದು ಗಿಟಾರ್, ಮತ್ತು "ಸಾರಿ ಅಪಾ, ಇನ್ನೊಮ್ಮೆ" ಎನ್ನುವ ನನ್ನ ದನಿ.

ಜುಲೈ 7, ಸೋಮವಾರ

ಆಸ್ಪತ್ರೆಗೆ ಸೇರಿಸಿದೆವು. ದನಿ ಬೆಳಿಗ್ಗೆಯೂ ಏಳಲಿಲ್ಲ. ಅವ್ವನ ಪದ ಯಾವುದೆಂದು ಕೇಳುವ ಧೈರ್ಯ ನನಗಿಲ್ಲ.

ಜುಲೈ 8, ಮಂಗಳವಾರ

ಏಳು ತಾಸು. ಆಪರೇಷನ್ ಚೆನ್ನಾಗಿ ಆಯಿತು ಎಂದರು ಡಾಕ್ಟರು.

ಅವರು ಖಾನಾಪುರದಿಂದ ಬಂದು ಆ ಏಳು ತಾಸೂ ಎದುರಿನ ಬೆಂಚಿನಲ್ಲಿ ಕೂತಿದ್ದರು. ನಾನು ಮಾತಾಡಿಸಲಿಲ್ಲ. ಅವ್ವನಿಗೆ ಚಹಾ ತಂದುಕೊಟ್ಟರು, ನನ್ನ ಬದಿಗೂ ಒಂದು ಕಪ್ಪು ಇಟ್ಟು ಹೋದರು. ಆರಿತು.

ಜುಲೈ 14, ಸೋಮವಾರ

ಗಿಟಾರ್ ಕೊಟ್ಟುಬಿಡಬೇಕೆಂದು ಆಶಿಶ್ ಸರ್ ಹತ್ತಿರ ಹೋದೆ. ಅವರಿಗೆ ಬೇಕಾದ ಹೊಸ ವಿದ್ಯಾರ್ಥಿಗೆ ಕೊಡಲಿ. ಯಾಕೆಂದು ಕೇಳಿದರು, ಹೇಳಿದೆ. ಕರಿ ಎರಡು ನನಗೆ ಬರಲಿಲ್ಲ ಅಂದಾಗ ಅವರ ಮುಖ ಒಂದು ಥರ ಆಯಿತು.

"ಚೀಲದಾಗ ಕೇಪೋ ಇತ್ತಲ್ಲ ಮೇಘಾ? ಕರಿ ಕ್ಲಿಪ್ಪು?"

ಚುರುಮುರಿ ಚೀಲದ ಬಾಯಿಗೆ ಹಾಕಿದ ಕ್ಲಿಪ್ಪು. ಅದನ್ನು ಗಿಟಾರಿನ ಕೊರಳಿಗೆ, ಮೊದಲನೇ ಮನೆಗೆ ಹಾಕಿ, ಡಿ ಹಿಡಿದರೆ ಅದೇ ಕರಿ ಎರಡು. ಹೊಸದಾಗಿ ಕಲಿಯುವುದು ಎ ಎಂಬ ಒಂದೇ ಕಾರ್ಡ್. ಅವರು ತಮ್ಮ ಗಿಟಾರಿಗೆ ಹಾಕಿ ತೋರಿಸಿದರು. ಒಂದು ನಿಮಿಷ ಕೂಡ ಹಿಡಿಯಲಿಲ್ಲ.

"ಮೊದಲನೇ ದಿವಸ ಹೇಳಬೇಕಿತ್ತು ನಾನು. ನನ್ನದೂ ತಪ್ಪ ಐತಿ" ಅಂದರು. ಅವರದಲ್ಲ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಹಾಡು ಮುಗಿಸಿ ತೋರಿಸಿ ಬೆರಗು ಮಾಡೋಣ ಎಂದುಕೊಂಡಿದ್ದೆ.

ಗಿಟಾರ್ ತೆಗೆದುಕೊಳ್ಳಲಿಲ್ಲ. ತಮ್ಮ ಕೇಪೋ ನನ್ನ ಕೈಯಲ್ಲಿಟ್ಟು ಕಳಿಸಿದರು. ಮನೆಗೆ ಬಂದು ಗಿಟಾರನ್ನು ಮಗ್ಗದ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.

ಜುಲೈ 20, ರವಿವಾರ

ಅಪ್ಪ ಮನೆಗೆ ಬಂದ. ಕೊರಳಲ್ಲಿ ತೂತು, ಅದರ ಮೇಲೆ ತೆಳುಬಟ್ಟೆ. ಉಸಿರು ಅಲ್ಲಿಂದಲೇ. ಮಾತು ಪಾಟಿಯ ಮೇಲೆ, ನನ್ನ ಹಳೆಯ ಶಾಲೆಯ ಪಾಟಿ. ಅಕ್ಷರ ಬಿಡಿಸಿ ಬಿಡಿಸಿ ಬರೆಯುತ್ತಾನೆ, ಒರೆಸುವ ಮೊದಲು ಒಮ್ಮೆ ತಾನೇ ಓದಿಕೊಳ್ಳುತ್ತಾನೆ.

ಮಧ್ಯಾಹ್ನ ಅವ್ವ ಅಡುಗೆಮನೆಯಲ್ಲಿದ್ದಳು. ಅಪ್ಪ ಮಲಗಿದ ಖೋಲಿಯ ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಕರೆಂಟು ಹೋಗುತ್ತಿದೆ ಎಂದುಕೊಂಡೆ ನಾನು. ಅವ್ವ ಕೈಯಲ್ಲಿದ್ದ ಸೌಟು ಬಿಟ್ಟು ಗೋಡೆಗೆ ಒರಗಿ ಅಳತೊಡಗಿದಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ.

ಆಮೇಲೆ ಹೇಳಿದಳು. ಮದುವೆಯಾದ ಹೊಸದರಲ್ಲಿ ಮಗ್ಗದ ಸಪ್ಪಳದಲ್ಲಿ ಊಟಕ್ಕೆ ಕರೆದರೆ ಅಪ್ಪನಿಗೆ ಕೇಳುತ್ತಿರಲಿಲ್ಲ. ಓಣಿಯ ಹೆಂಗಸರೆಲ್ಲ ಮಾಡುವಂತೆ ಅವಳೂ ಮಗ್ಗದ ಮೇಲಿನ ಬಲ್ಬನ್ನು ಎರಡು ಸಲ ಆರಿಸಿ ಹಚ್ಚುತ್ತಿದ್ದಳು. ಅದರ ಮೇಲೆ ಅಪ್ಪ ಅವಳಿಗೊಂದು ಪದ ಕಟ್ಟಿದ್ದ. ಯಾರ ಮುಂದೆಯೂ ಹಾಡಿದ್ದಲ್ಲ. ಮೂವತ್ತು ವರ್ಷದಲ್ಲಿ ಆಗೀಗ, ಅವಳು ಸಿಟ್ಟಾದಾಗ, ಇಲ್ಲವೆ ಮೈಯಲ್ಲಿ ಹುಷಾರಿಲ್ಲದಾಗ.

"ಅದನ್ನ ಕೇಳಬೇಕಂತ ಇದ್ದೆ ಅವತ್ತು" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಜುಲೈ 22, ಮಂಗಳವಾರ

ಅವ್ವನಿಗೆ ಹಾಡು ಅಂದೆ. "ನನಗೆಲ್ಲಿ ದನಿ? ನಾ ಒಮ್ಮೀನೂ ಹಾಡಾಕಿ ಅಲ್ಲ" ಅಂದಳು. ಅಪ್ಪ ಪಾಟಿಯ ಮೇಲೆ ಬರೆದ: 'ಹಾಡ ಚಂದ್ರಾ.' ಅವಳ ಹೆಸರು ಚಂದ್ರವ್ವ. ಚಂದ್ರಾ ಎಂದು ಕರೆಯುವುದನ್ನು ನಾನು ಕೇಳಿರಲಿಲ್ಲ, ಈಗ ಓದಿದೆ.

ಅವ್ವ ನೆಲ ನೋಡುತ್ತ ಹಾಡಿದಳು.

*ಮಗ್ಗ ಒದರತೈತಿ, ನಿನ್ನ ಮಾತ ಕೇಳವಲ್ದ,*
*ದೀಪ ಆರಿಸಿ ಕರದರ ಬರತೇನ ಚಂದ್ರಾ, ಮಾತ್ಯಾಕ ಬೇಕ.*

ಇಷ್ಟೇ. ದನಿ ನಡುಗಿತು, ಆದರೆ ಎಲ್ಲೂ ಜಾರಲಿಲ್ಲ. ಅಪ್ಪ ಕೈ ಚಾಚಿ ಪೇಟಿಯ ಒಂದು ಮನೆ ಒತ್ತಿ ತೋರಿಸಿದ. ಕರಿ ಎರಡು. ಮೂವತ್ತು ವರ್ಷ ಅದೇ ಪಟ್ಟಿಯಲ್ಲಿ ಕೇಳಿದ ಕಿವಿ ಅವಳದು.

ಮಗ್ಗದ ಹಿಂದಿನಿಂದ ಗಿಟಾರ್ ತಂದೆ. ಧೂಳು ಒರೆಸಿದೆ. ಕೇಪೋ ಹಾಕಿದೆ. ಡಿ, ಜಿ, ಎ, ಮತ್ತೆ ಡಿ. ಅವ್ವ ಹಾಡಿದಳು, ನಾನು ಹಿಂದಿನಿಂದ ಹೋದೆ. ನಿಂತಲ್ಲಿ ನಿಂತೆ, ನಡೆದಾಗ ನಡೆದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಅಪ್ಪ ಕಣ್ಣು ಮುಚ್ಚಿ ಮಂಚದ ಕಟ್ಟಿಗೆಯ ಮೇಲೆ ತಾಳ ಹಾಕಿದ.

ಆಮೇಲೆ ಪಾಟಿ ತುಂಬ ಬರೆದ: 'ಒಂದ ನುಡಿ ಅಷ್ಟ ಮಾಡಿದ್ದೆ. ಎರಡನೇದ ಮಾಡತೀನಿ ಅಂತ ನಿಮ್ಮವ್ವಗ ಮೂವತ್ತ ವರ್ಷ ಹೇಳಕೋತ ಬಂದೆ. ನೀ ಮಾಡು. ಪಂಚಮಿಗಿ ತಗೊಂಡ ಬಾ.'

ನನಗೆ ಬರುವುದಿಲ್ಲ ಎಂದು ಬರೆದೆ, ನಾನೂ ಪಾಟಿಯ ಮೇಲೆಯೇ. ಬಾಯಿಂದ ಹೇಳಬಹುದಿತ್ತು.

ಒರೆಸಿದ. 'ಸಣ್ಣದ ಮಾಡು' ಎಂದು ಬರೆದ.

ಜುಲೈ 25, ಶುಕ್ರವಾರ. ಖಾನಾಪುರ

ಆಷಾಢ ಮುಗಿಯಿತು. ಗೌರೀಶ ಕರೆದೊಯ್ಯಲು ಬಂದಿದ್ದ. ರೈಲಿನಲ್ಲಿ ಬಂದೆವು, ಗಿಟಾರಿಗೆ ಒಂದು ಸೀಟು. ದೇಸೂರು ಸ್ಟೇಷನ್ ದಾಟಿತು.

"ನನಗ್ಯಾಕ ಹೇಳಲಿಲ್ಲ?" ಅಂದೆ.

"ಅಪ್ಪಾರು ಕೈಮ್ಯಾಲ ಕೈ ಇಟ್ಟ ಮಾತ ತಗೊಂಡ್ರು. ಆಷಾಢದ ಮಟಾ ನಗಕೋತ ಇರಲಿ ಅಂದ್ರು."

"ಗಿಟಾರು?"

ಅವನು ಕಿಟಕಿಯ ಕಡೆ ನೋಡಿದ. "ಅದೂ ಅವರ ಹೇಳಿದ್ದು. ಅಕಿ ಅಳೂದ ಬಾಳ, ಕೈಯಾಗ ಏನರೆ ಕೊಡು ಅಂದ್ರು. ಯಾವುದ ಅಂತ ಹೇಳಿರಲಿಲ್ಲ. ಅದಷ್ಟ ನಂದು."

ಹೊರಗೆ ಮಳೆ ನಿಂತಿತ್ತು, ಗದ್ದೆಗಳಲ್ಲಿ ನೀರು ನಿಂತಿತ್ತು. ನಾನು ಅವನ ತೋಳಿಗೆ ತಲೆಯಿಟ್ಟೆ. ಸಿಟ್ಟು ಪೂರ್ತಿ ಹೋಗಿಲ್ಲ. ತಲೆಯಿಟ್ಟೆ, ಅಷ್ಟೆ.

ಜುಲೈ 26, ಶನಿವಾರ

ನಾಲ್ಕು ಪುಟ ಬರೆದೆ, ನಾಲ್ಕೂ ಹರಿದೆ. ಎಲ್ಲದರಲ್ಲೂ ನಾನೇ ಇದ್ದೆ: ನನ್ನ ಅಳು, ನನ್ನ ತಪ್ಪು, ನನ್ನನ್ನು ಕ್ಷಮಿಸು. ಅಪ್ಪನ ನುಡಿಯಲ್ಲಿ ಅಪ್ಪ ಎಷ್ಟು ಕಡಿಮೆ ಇದ್ದಾನೆ. ಮಗ್ಗ, ದೀಪ, ಅವ್ವ.

ಜುಲೈ 27, ರವಿವಾರ

ಇವತ್ತು ರೊಟ್ಟಿಪಂಚಮಿ, ನಾಗರಪಂಚಮಿಗೆ ಇನ್ನೆರಡು ದಿನ. ಬೆಳಿಗ್ಗೆಯಿಂದ ಅತ್ತೆಯ ಜೊತೆ ಸಜ್ಜೆರೊಟ್ಟಿ ತಟ್ಟಿದೆ. ಮೊದಲ ಪಂಚಮಿಗೆ ತವರಿನವರು ಕರೆಯಲು ಬರಬೇಕು, ಸೊಸೆ ತಾನಾಗಿ ಎದ್ದು ಹೋಗಬಾರದು. ನನಗೆ ಅಣ್ಣತಮ್ಮಂದಿರಿಲ್ಲ. ಹತ್ತು ಗಂಟೆಗೆ ಅಪ್ಪನ ಮೆಸೇಜು ಬಂತು: 'ನಾಳೆ ನಾನ ಕರಿಯಾಕ ಬರತೀನಿ ಮಫಲರ ಹಾಕ್ಕೊಂಡ'.

ಅತ್ತೆಗೆ ಓದಿ ಹೇಳಿದೆ. ರೊಟ್ಟಿ ತಟ್ಟುವ ಕೈ ನಿಂತಿತು.

"ಕೊಳ್ಳಾಗ ತೂತ ಇಟಗೊಂಡ ಬೀಗರು ಇಲ್ಲಿ ಮಟಾ ಬರತಾರೇನ? ಪದ್ಧತಿ ಕಟಗೊಂಡ ಏನ ಮಾಡೂದೈತಿ. ನೀ ಹೋಗ. ಯಾರರೆ ಕೇಳಿದ್ರ ಭೀಮಕ್ಕನ ಅಟ್ಟಿದಳು ಅಂತ ಹೇಳು."

ಮಾತು ಮುಗಿಸಿ ಶೇಂಗಾದ ಉಂಡಿ ಡಬ್ಬಿಗೆ ತುಂಬಿದರು. ಎರಡು ಉಂಡಿ ಕೈಯಲ್ಲಿ ಪುಡಿ ಮಾಡಿ ನೋಡಿದರು. "ಇವನ್ನ ಅವರು ನುಂಗಾಕ ಆಗೂದಿಲ್ಲ" ಎಂದು ಬೇರೆ ಪಾತ್ರೆಯಲ್ಲಿ ರವೆಯ ಪಾಯಸಕ್ಕಿಟ್ಟರು.

ಅವರು ಪಾಯಸ ಕಲಕುತ್ತಿದ್ದಾಗ ನಾನು ಅಲ್ಲೇ, ಹಿಟ್ಟಿನ ಕೈಯಲ್ಲಿ, ಕ್ಯಾಲೆಂಡರಿನ ಹಿಂಬದಿಗೆ ಬರೆದೆ.

*ಕೊಳ್ಳ ಸುಮ್ಮನಾಗೈತಿ, ಮನಿ ಸುಮ್ಮನಾಗವಲ್ದ,*
*ದೀಪ ಆರಿಸಿ ಕರಿ ನೀ, ಅವ್ವ ಹಾಡತಾಳ, ಕೇಳಿದರ ಸಾಕ.*

ಕೇಪೋ ಹಾಕಿ ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ. ಅವ್ವನ ಉಸಿರಿಗೆ ಸಾಲು ಉದ್ದವಾಗುವುದಿಲ್ಲ. ನಾನು ಹಾಡುವುದಿಲ್ಲ, ನುಡಿಸುತ್ತೇನೆ. ಒಳಗಿನಿಂದ ಗೌರೀಶ ಬಂದು ಬಾಗಿಲಲ್ಲಿ ನಿಂತ, ಇನ್ನೊಮ್ಮೆ ಅಂದ. ಇನ್ನೊಮ್ಮೆ ಹೇಳಿದೆ. ಈ ಸಲ ಆಕಳಿಸಲಿಲ್ಲ.

ಅಪ್ಪನಿಗೆ ಮೆಸೇಜು ಕಳಿಸಿದೆ. ಉದ್ದ ಬರೆದಿದ್ದೆ, ಅಳಿಸಿದೆ. ಇಷ್ಟು ಉಳಿಯಿತು:

'ಕರಿಯಾಕ ಬರಬ್ಯಾಡಪಾ. ಎರಡನೇ ನುಡಿ ಆಗೈತಿ. ನಾನ ಬರತೀನಿ. ನಾಳೆ ಸೋಮವಾರ, ಮಧ್ಯಾಹ್ನದ ಮಿರಜ ಪ್ಯಾಸೆಂಜರಿಗೆ.'